ದಾಸವಾಳದ ಹಿಂದಿನ ನೀಲಿ ಬಕೆಟ್ಟು

ಲಿಂಗಸುಗೂರಿನಲ್ಲಿ ತಾಲೂಕು ಕಚೇರಿಯ ಎದುರಿನ ಸಾಲಿನಲ್ಲಿ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಪಹಣಿ, ಜಾತಿ-ಆದಾಯದ ಪ್ರಮಾಣಪತ್ರ, ಪಿಂಚಣಿ ಅರ್ಜಿ, ಜೆರಾಕ್ಸ್, ಏನು ಬೇಕಾದರೂ ಮಾಡಿಕೊಡುತ್ತೇನೆ. ಬೆಳಗ್ಗೆ ಶಟರ್ ಎತ್ತುವ ಹೊತ್ತಿಗೆ ಕಟ್ಟೆಯ ಮೇಲೆ ನಾಲ್ಕು ಜನ ಕಾಗದ ಹಿಡಿದು ಕೂತಿರುತ್ತಾರೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಎಲ್ಲರಿಗೂ ಗೊತ್ತು. ಆದರೂ ಬರುತ್ತಾರೆ, ಬೈಸಿಕೊಂಡರೂ ಕೆಲಸ ಆಗುತ್ತದಲ್ಲ.

ಈಚಿನ ವರ್ಷಗಳಲ್ಲಿ ಇದರ ಜೊತೆ ಇನ್ನೊಂದು ಕೆಲಸ ಅಂಟಿಕೊಂಡಿದೆ. ಹೊಸ ಫೋನು ತಗೊಂಡವರು ನೇರ ನನ್ನ ಅಂಗಡಿಗೆ ಬಂದು, “ಇದರಾಗ ಎಲ್ಲಾ ಹಾಕಿ ಕೊಡ್ರಿ ಅಕ್ಕಾರ” ಅನ್ನುತ್ತಾರೆ. ಎಲ್ಲಾ ಅಂದರೆ ಮಂದಿ ಫೋಟೊ, ವಿಡಿಯೊ ಹಾಕುವ, ಒಬ್ಬರಿಗೊಬ್ಬರು ಬರೆಯುವ ಆ್ಯಪುಗಳು. ಹುಟ್ಟಿದ ತಾರೀಖು ಕೇಳಿದರೆ, “ಆ ವರ್ಷ ಮಳಿ ಭಾಳ ಇತ್ತಂತ್ರೀ” ಅಂತ ಉತ್ತರ ಬರುತ್ತದೆ. ಹಾಗಾಗಿ ನನ್ನ ಅಂಗಡಿಯಲ್ಲಿ ಖಾತೆ ತೆಗೆಸಿದವರೆಲ್ಲ ಜನವರಿ ಒಂದಕ್ಕೆ ಹುಟ್ಟಿದವರು. ಪಾಸ್‌ವರ್ಡ್ ಮರೆತು ವಾರಕ್ಕೊಮ್ಮೆ ಬಂದು ತಲೆ ತಿನ್ನುತ್ತಾರೆಂದು ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇಟ್ಟಿದ್ದೆ. ಅಂಗಡಿಯ ಹೆಸರು, ಅದರ ಮುಂದೆ ಮೂರು ಅಂಕಿ, ಅಷ್ಟೇ. ತಮ್ಮ ಮುಖ ಹಾಕುವುದು ಬೇಡ ಅನ್ನುವವರಿಗೆ ನಮ್ಮ ಹಿತ್ತಲಿನ ದಾಸವಾಳದ ಫೋಟೊ ಹಾಕಿಕೊಡುತ್ತಿದ್ದೆ. ಅದನ್ನು ತೆಗೆದದ್ದು ನಾನೇ. ಹೂವಿನ ಹಿಂದೆ ಬಚ್ಚಲಿನ ನೀಲಿ ಬಕೆಟ್ಟು ಅರ್ಧ ಕಾಣುತ್ತದೆ. ಅದು ಅಂಥ ಚಂದದ ಫೋಟೊ ಏನಲ್ಲ, ಕೈಗೆ ಸಿಕ್ಕಿತ್ತು, ಹಾಕುತ್ತಿದ್ದೆ.

ಹೀಗೆ ಬಂದವರಲ್ಲಿ ಕೌದಿ ಹೊಲಿಯುವ ಒಬ್ಬ ಹೆಣ್ಣುಮಗಳಿದ್ದಳು, ಮಸ್ಕಿಯವಳು. ಮಸ್ಕಿ ಈಗ ಬೇರೆ ತಾಲೂಕಾದರೂ ಹಳೆಯ ಕಾಗದಕ್ಕೆ ಜನ ಇಲ್ಲಿಗೇ ಬರುತ್ತಾರೆ, ಹಾಗೇ ಬಂದಿದ್ದಳು. ಸರ್ವರ್ ಬರುವವರೆಗೆ ಬೆಂಚಿನ ಮೇಲೆ ಕೂತು, ಚೀಲದಿಂದ ಹಳೆ ಬಟ್ಟೆಯ ತುಂಡು ತೆಗೆದು ಹೊಲಿಯಲು ಶುರುಮಾಡಿದಳು. ನೆಲದ ತುಂಬ ದಾರದ ಚೂರು ಬಿದ್ದದ್ದು ನೋಡಿ ನನಗೆ ಸಿಟ್ಟು ಬಂತು. ಬೈಯಬೇಕೆಂದು ಎದ್ದು ಹೋದವಳು ಅವಳ ಕೈಯಲ್ಲಿದ್ದ ಕೌದಿ ನೋಡಿ ಅಲ್ಲೇ ಕೂತೆ. ಒಂದೊಂದು ಹೊಲಿಗೆಯೂ ಜೋಳದ ಕಾಳಿನಷ್ಟೇ ಉದ್ದ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮೆಣಸಿನಕಾಯಿ ಹೊಲಕ್ಕೆ ಕೂಲಿಗೆ ಹೋಗಿ ಹೋಗಿ ಸೊಂಟ ಬಿದ್ದಿದೆ, ಬಗ್ಗಲು ಆಗುವುದಿಲ್ಲ, ಕೂತು ಮಾಡುವುದು ಇದೊಂದೇ ಬರುತ್ತದೆ ಅಂದಳು. ಅವತ್ತೇ ಅವಳಿಗೊಂದು ಪೇಜು ತೆಗೆದುಕೊಟ್ಟೆ. ವಿಡಿಯೊ ಹಾಕುವುದು ಹೇಗೆಂದು ಮೂರು ಸಲ ಹೇಳಿಕೊಟ್ಟು, ನಾಲ್ಕನೇ ಸಲ ಬೈದೆ. ಆಮೇಲೆ ಅವಳೇ ಕಲಿತಳು.

ಅವಳ ಕೆಲಸದ ರೀತಿ ಹೀಗೆ. ಕೌದಿ ಬೇಕಾದವರು ತಮ್ಮ ಮನೆಯ ಹಳೆ ಸೀರೆ, ಕುಪ್ಪಸ, ಧೋತರಗಳನ್ನು ಕಳಿಸುತ್ತಾರೆ, ಇವಳು ಅವನ್ನು ಕತ್ತರಿಸಿ, ಜೋಡಿಸಿ, ಹೊಲಿದು ಕೊಡುತ್ತಾಳೆ. ತೊಟ್ಟಿಲ ಕೌದಿಗಂತೂ ಜನ ಹುಡುಕಿ ಹುಡುಕಿ ತೀರಿಹೋದ ಅಜ್ಜಿಯ ಸೀರೆಯನ್ನೇ ಕೊಡುತ್ತಾರೆ. ಅಜ್ಜಿಯನ್ನು ನೋಡದ ಕೂಸು ಅವಳ ಸೀರೆಯಲ್ಲಾದರೂ ಮಲಗಲಿ ಎಂದು. ವಿಡಿಯೊದಲ್ಲಿ ಇವಳು ಒಂದೊಂದು ತುಂಡಿನ ಮೇಲೂ ಬೆರಳಿಟ್ಟು ಹೇಳುವಳು: “ಇದು ಮುತ್ಯಾನ ಧೋತರ, ಇದು ಅಜ್ಜಿ ದಿನಾ ಉಡತಿದ್ದ ಸೀರಿ, ಇದು ಅತ್ತಿಗಿ ಕುಬಸ.” ಆ ಮಾತಿಗೇ ದೂರದ ಊರುಗಳಿಂದ ಗಂಟುಗಳು ಬರತೊಡಗಿದವು. ನಾನೂ ತೀರಿಹೋದ ನಮ್ಮವ್ವನ ನಾಲ್ಕು ಸೀರೆ ಕೊಟ್ಟು, ಅವಸರವಿಲ್ಲ, ನಿನಗೆ ಬಿಡುವಾದಾಗ ಹೊಲಿ ಅಂದಿದ್ದೆ.

ಒಂದು ದಿನ ಅವಳು ಯಾವ ಕೆಲಸವೂ ಇಲ್ಲದೆ ಬಂದು ಬೆಂಚಿನ ಮೇಲೆ ಕೂತಳು. ಫೋನನ್ನು ನನ್ನ ಮುಂದೆ ಇಟ್ಟಳು. ತೊಟ್ಟಿಲ ಕೌದಿಯ ವಿಡಿಯೊದ ಕೆಳಗೆ ಯಾರೋ ಬರೆದಿದ್ದರು: “ಸುಡುಗಾಡಕ್ಕ ಹೋಗಿ ಹೆಣದ ಮ್ಯಾಲಿನ ಸೀರಿ ಆರಿಸಿ ತಂದು ಹೊಲಿತಾಳ. ನಿಮ್ಮ ಕೂಸಿಗೆ ಇದನ್ನ ಹೊಚ್ಚತೀರೇನು?” ಅದರ ಕೆಳಗೆ ನಗುವ ಮುಖಗಳ ಸಾಲು. ಮುಂದಿನ ವಿಡಿಯೊಗಳ ಕೆಳಗೆ ಅದೇ ಖಾತೆಯಿಂದ ಅವಳ ಮೈ ಬಗ್ಗೆ, ಗಂಡನ ಬಗ್ಗೆ, ಕೌದಿ ಯಾರ ಜೊತೆ ಹಾಸುತ್ತಾಳೆ ಅನ್ನುವುದರ ಬಗ್ಗೆ ಬರೆದಿತ್ತು. ಅದನ್ನೆಲ್ಲ ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ.

“ಬಸುರಿ ಮಗಳಿಗೆ ಅಂತ ಸೀರಿ ಕಳಿಸಿದ್ದ ಒಬ್ಬಾಕಿ, ಬ್ಯಾಡ ವಾಪಸ್ ಕಳಸು ಅಂದ್ಲರೀ” ಅಂದಳು. “ನಮ್ಮ ಭಾವಾರು ಓದಿ, ಮನಿತನದ ಇಜ್ಜತ್ ಹೋಗಾಕತ್ತೈತಿ, ಅದನ್ನ ಬಂದ್ ಮಾಡು ಅಂತಾರ. ಬಂದ್ ಮಾಡಿದ್ರ ನಾ ಮತ್ತ ಮೆಣಸಿನಕಾಯಿ ಹೊಲಕ್ಕ ಹೋಗಬೇಕ್ರೀ. ಈ ಸೊಂಟ ತಗೊಂಡು ಹೆಂಗ ಹೋಗಲಿ ಅಕ್ಕಾರ?”

ಅಳಲಿಲ್ಲ. ಅತ್ತಿದ್ದರೆ ನಾನು ನಾಲ್ಕು ಮಾತು ಹೇಳಿ ಸಮಾಧಾನ ಮಾಡುತ್ತಿದ್ದೆ. ಫೋನನ್ನು ಇನ್ನಷ್ಟು ನನ್ನ ಕಡೆಗೆ ಸರಿಸಿದಳು.

ಕಚೇರಿ ಕಾಗದದ ನಡುವೆಯೇ ಬದುಕುವವಳು ನಾನು, ದೂರು ಕೊಡುವುದು ನನಗೆ ಹೊಸದಲ್ಲ. ಮೊದಲು ಎಲ್ಲವನ್ನೂ ಪ್ರಿಂಟ್ ತೆಗೆದು ಒಂದು ಫೈಲಿನಲ್ಲಿಟ್ಟೆ. ಆಮೇಲೆ ಆ ಆ್ಯಪಿನಲ್ಲಿ ದೂರು ಒತ್ತಿದೆ. ಯಾವ ಬಗೆಯ ತೊಂದರೆ, ಆರಿಸಿ ಅಂತ ಒಂದು ಪಟ್ಟಿ ಬಂತು. ಹೆಣದ ಸೀರೆ ಹೊಲಿಯುತ್ತಾಳೆಂದು ಸುಳ್ಳು ಹಬ್ಬಿಸಿ ಒಬ್ಬಳ ಅನ್ನಕ್ಕೆ ಮಣ್ಣು ಹಾಕುವುದು ಆ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ. ಹತ್ತಿರದ್ದೊಂದು ಆರಿಸಿ ಕಳಿಸಿದೆ. ಎರಡು ದಿನ ಬಿಟ್ಟು ಉತ್ತರ ಬಂತು: ಪರಿಶೀಲಿಸಿದ್ದೇವೆ, ಇದು ನಮ್ಮ ನಿಯಮಗಳಿಗೆ ವಿರುದ್ಧವಾಗಿಲ್ಲ. ಮತ್ತೆ ಕಳಿಸಿದೆ, ಮತ್ತೆ ಅದೇ ಉತ್ತರ. ಯಾರು ಪರಿಶೀಲಿಸಿದರೋ, ಯಾವ ಯಂತ್ರವೋ. ಅದಕ್ಕೆ ಹೆಣ ಅಂದರೆ ಹೆಣ, ಸೀರೆ ಅಂದರೆ ಸೀರೆ, ಎರಡೂ ಬೈಗುಳವಲ್ಲ. ನಮ್ಮ ಕಡೆಯ ಒಬ್ಬ ಮುದುಕಿಯನ್ನು ಕೂರಿಸಿ ಓದಿಸಿದ್ದರೆ ಒಂದೇ ಸಾಲಿಗೆ ಎದ್ದು ಹೋಗಿ ಉಗುಳಿ ಬರುತ್ತಿದ್ದಳು.

ಬ್ಲಾಕ್ ಮಾಡಿದೆವು. ಆಗ ಆ ಮನುಷ್ಯ, ಬೇರೆಯವರು ಹಂಚಿಕೊಂಡಿದ್ದ ಅವಳ ವಿಡಿಯೊಗಳನ್ನು ತನ್ನ ಪೇಜಿಗೇ ತಂದು ಹಾಕಿಕೊಂಡು ಅಲ್ಲಿ ಬರೆಯತೊಡಗಿದ. ಅವಳಿಗೆ ಕಾಣುವುದು ನಿಂತಿತು, ಉಳಿದ ಊರಿಗೆಲ್ಲ ಕಾಣುತ್ತಿತ್ತು. ಇದೆಂಥ ಪರಿಹಾರವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಬೈಸಿಕೊಂಡವಳ ಕಣ್ಣಿಗೆ ಬಟ್ಟೆ ಕಟ್ಟಿ, ನೋಡು ಈಗ ಯಾರೂ ಬೈಯುತ್ತಿಲ್ಲ ಅಂದ ಹಾಗೆ.

ನನ್ನ ತವರು ಸಾಲಗುಂದದ ಕಡೆ. ನಾನು ಚಿಕ್ಕವಳಿದ್ದಾಗ ಅಲ್ಲಿ ಇಂಥ ದೂರು ಹನುಮಪ್ಪನ ಗುಡಿಯ ಕಟ್ಟೆಗೆ ಬರುತ್ತಿತ್ತು. ಹಿರಿಯರು ಬಹಳ ವಿಚಾರಣೆ ಮಾಡುತ್ತಿರಲಿಲ್ಲ. ಬೈದವನನ್ನು ಕರೆಸಿ, ಬೈಸಿಕೊಂಡವರನ್ನು ಅವನ ಎದುರಿಗೆ ನಿಲ್ಲಿಸಿ, “ಏನಂದಿ? ಅದನ್ನ ಈಗ ಇಲ್ಲಿ ಅನ್ನು” ಅನ್ನುತ್ತಿದ್ದರು. ಕಾಲುವೆ ನೀರಿನ ಪಾಳಿಗೆ ಜಗಳವಾಗಿ ಒಬ್ಬ ತನ್ನ ಪಕ್ಕದ ಹೊಲದವಳನ್ನು ಬಾಯಿಗೆ ಬಂದಂತೆ ಬೈದಿದ್ದ. ಕಟ್ಟೆಯ ಮುಂದೆ ನಿಂತು ಬಾಯಿ ತೆರೆದ, ಮುಚ್ಚಿದ, ಕುಡಿಯಲು ನೀರು ಕೇಳಿದ. ಹೊಲದಲ್ಲಿ ಬಂದ ಮಾತು ಅಲ್ಲಿ ಬರಲಿಲ್ಲ. ದಂಡ ಗಿಂಡ ಏನೂ ಇರಲಿಲ್ಲ, ಅಂದದ್ದನ್ನು ಅನ್ನಲಾಗದೆ ನಿಂತದ್ದೇ ಅವನಿಗೆ ಸಾಕಾಗಿತ್ತು. ಆದರೆ ಈ ಖಾತೆಯವನನ್ನು ಯಾವ ಕಟ್ಟೆಗೆ ಕರೆಸುವುದು? ಹೆಸರು ‘ಸತ್ಯ ಹೇಳಾವ’ ಅಂತ ಇಟ್ಟುಕೊಂಡಿದ್ದ. ಊರು ಬರೆದಿರಲಿಲ್ಲ, ಮುಖವೂ ಇರಲಿಲ್ಲ.

ಒಂದು ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಆ ಪೇಜು ತೆರೆದು, ಪುಟ್ಟ ಗುಂಡಗಿನ ಫೋಟೊವನ್ನು ಒತ್ತಿ ದೊಡ್ಡದು ಮಾಡಿದೆ. ಕೆಂಪು ದಾಸವಾಳ. ಅದರ ಹಿಂದೆ ನೀಲಿ ಬಕೆಟ್ಟು. ಹುಟ್ಟಿದ ದಿನ ನೋಡಿದೆ, ಜನವರಿ ಒಂದು.

ಈ ಹಾಳು ಖಾತೆ ತೆಗೆದುಕೊಟ್ಟವಳು ನಾನೇ. ಖಾತೆ ತೆಗೆಸಿದವರ ಹೆಸರು, ನಂಬರು ಬರೆದಿಡುವ ನೋಟ್‌ಬುಕ್ಕು ತೆರೆದೆ.

ಅದರಲ್ಲಿ ಹೂವಿನ ಫೋಟೊ ಹಾಕಿಸಿಕೊಂಡವರು ಮೂರೇ ಜನ ಇದ್ದರು. ಒಬ್ಬಳು ಮೊಮ್ಮಗನ ಫೋಟೊ ನೋಡಲು ಖಾತೆ ತೆಗೆಸಿದ್ದ ಮುದುಕಿ, ಅವಳಿಗೆ ಬರೆಯಲು ಬರುವುದಿಲ್ಲ. ಇನ್ನೊಬ್ಬರು ವರ್ಗವಾಗಿ ಹೋದ ಟೀಚರಮ್ಮ. ಮೂರನೆಯವನು ನನ್ನ ಸೋದರಮಾವ. ನಮ್ಮವ್ವನ ಬೆನ್ನಿಗೆ ಹುಟ್ಟಿದ ತಮ್ಮ, ನೌಕರಿ ಮುಗಿಸಿ ಸಿಂಧನೂರಿನಲ್ಲಿ ಮನೆ ಕಟ್ಟಿಸಿಕೊಂಡು ಇದ್ದಾನೆ. ನಾನು ತೆಗೆದುಕೊಟ್ಟಿದ್ದ ಮೊದಲಿನ ಖಾತೆಯಲ್ಲಿ ಅವನದೇ ಹೆಸರು, ಅವನದೇ ಫೋಟೊ. ಹಿಂದಿನ ವರ್ಷ ಬಂದು, “ಇನ್ನೊಂದು ತಗದು ಕೊಡವಾ, ಭಜನಿ ಪದ ಕೇಳಾಕ. ನನ್ನ ಫೋಟೊ ಬ್ಯಾಡ, ಗುರ್ತಿನ ಮಂದಿ ಹರಟಿ ಹೊಡೀತಾರ” ಅಂದಿದ್ದ. ತೆಗೆದುಕೊಟ್ಟಿದ್ದೆ.

ನನ್ನನ್ನು ಕಂಪ್ಯೂಟರ್ ಕ್ಲಾಸಿಗೆ ಸೇರಿಸಿದವನು ಇದೇ ಮಾಮ. ಹೆಂಗಸು ಬಜಾರದಲ್ಲಿ ಅಂಗಡಿ ಇಡುವುದೇನು ಎಂದು ಮನೆಯವರೆಲ್ಲ ಎದ್ದು ನಿಂತಾಗ, “ಇಡಲಿ, ನಾ ಅದೀನಿ” ಅಂದವನು ಅವನೊಬ್ಬನೇ. ಅವ್ವ ಹೋದ ಮೇಲೆ ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಂದು ನನ್ನ ಮಾರಿ ನೋಡಿಕೊಂಡು ಹೋಗುತ್ತಾನೆ. ಅದಕ್ಕೇ ಉಳಿದಿಬ್ಬರದು ನೋಡಿ ಆದ ಮೇಲೆ ಅವನ ನಂಬರನ್ನು ಹಾಕಿದೆ, ತೆರೆಯದಿರಲಿ ಎಂದುಕೊಂಡೇ ಅಂಗಡಿಯ ಪಾಸ್‌ವರ್ಡ್ ಒತ್ತಿದೆ. ಅದು ಕೋಡು ಗೀಡು ಏನೂ ಕೇಳಲಿಲ್ಲ, ಇದೇ ಕಂಪ್ಯೂಟರಿನಲ್ಲಿ ಹುಟ್ಟಿದ ಖಾತೆಯಲ್ಲವೇ, ನೇರ ತೆರೆದುಕೊಂಡಿತು.

ಹೆಸರನ್ನು ಆಮೇಲೆ ‘ಸತ್ಯ ಹೇಳಾವ’ ಎಂದು ಬದಲಿಸಿಕೊಂಡಿದ್ದ. ಒಳಗೆ ಭಜನೆ ಇರಲಿಲ್ಲ. ಕೌದಿಯವಳೊಬ್ಬಳೇ ಅಲ್ಲ, ಟಿವಿಯಲ್ಲಿ ಮಾತಾಡಿದ ಡಾಕ್ಟರಮ್ಮ, ಟ್ರ್ಯಾಕ್ಟರ್ ಓಡಿಸುವ ಹುಡುಗಿ, ಯಾರದೋ ಮದುವೆಯಲ್ಲಿ ಕುಣಿದ ಬೀಗಿತಿ, ಎಲ್ಲರಿಗೂ ಬರೆದಿದ್ದ. ಮುಂಜಾನೆ ಚಹಾ ಕುಡಿದು ಒಂದಿಷ್ಟು, ಮಧ್ಯಾಹ್ನ ಉಂಡು ಒಂದಿಷ್ಟು. ಇವರಲ್ಲಿ ಒಬ್ಬರೂ ಅವನಿಗೆ ಗುರುತಿನವರಲ್ಲ.

ಆಗ ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಕೌದಿಯವಳ ಬಗ್ಗೆ ಬರೆದದ್ದನ್ನೆಲ್ಲ ಕೂತು ಅಳಿಸಿದೆ. ಪಾಸ್‌ವರ್ಡ್ ಬದಲಿಸಿ ಖಾತೆ ಮುಚ್ಚಿದೆ. ಮಸ್ಕಿಗೆ ಫೋನು ಮಾಡಿ, “ಕಂಪನಿಯವರು ಎಲ್ಲಾ ತಗದಾರ, ಇನ್ನ ಚಿಂತಿ ಬಿಡು” ಅಂದೆ.

“ಛಲೋ ಮಂದಿ ಅದಾರ ಬಿಡ್ರಿ ಕಂಪನಿಯವರು” ಅಂದಳು. “ನಿಮ್ಮ ಉಪಕಾರ ಮರಿಯಂಗಿಲ್ಲ ಅಕ್ಕಾರ.”

ಮಾಮನ ಮಾನವೂ ಉಳಿಯಿತು, ಅವಳ ಪೇಜೂ ಉಳಿಯಿತು ಎಂದು ಕೈ ತೊಳೆದುಕೊಂಡೆ. ಆದರೆ ಅಳಿಸಿದ ಮಾತು ಮಂದಿಯ ತಲೆಯಿಂದ ಅಳಿಯಲಿಲ್ಲ. ಸೀರೆ ಕಳಿಸುವೆವು ಅಂದವರು ಕಳಿಸಲಿಲ್ಲ. ಮಸ್ಕಿ ಸಂತೆಯಲ್ಲೇ ಯಾರೋ ಅವಳನ್ನು ತೋರಿಸಿ, ಸುಡುಗಾಡ ಸೀರೆಯವಳು ಅಂದರಂತೆ. ಅಮಾವಾಸ್ಯೆಯೊಳಗೆ ಪೇಜು ಮುಚ್ಚದಿದ್ದರೆ ಫೋನನ್ನೇ ಕಿತ್ತುಕೊಳ್ಳುವುದಾಗಿ ಭಾವ ಹೇಳಿದನಂತೆ. ಒಂದು ದಿನ ಮುಂಜಾನೆ ಅವಳು ಗಂಟು ಹೊತ್ತು ಅಂಗಡಿಗೆ ಬಂದಳು. “ನಿಮ್ಮ ಅವ್ವಾರ ಕೌದಿ ಮುಗೀತ್ರೀ. ಇದ ಕಡೀದು. ಪೇಜ್ ಬಂದ್ ಮಾಡಿ ಕೊಡ್ರಿ” ಅಂದಳು.

ಕೌದಿಯನ್ನು ಬೆಂಚಿನ ಮೇಲೆ ಬಿಚ್ಚಿ ಹಾಸಿದಳು. ಅವ್ವನ ನಾಲ್ಕು ಸೀರೆಯೂ ಅಲ್ಲಿದ್ದವು. ನಡುವೆ ಹಬ್ಬಕ್ಕೆ ಉಡುತ್ತಿದ್ದ ಕಡುಕೆಂಪು ಇಳಕಲ್ಲು, ಸುತ್ತ ಮನೆಯಲ್ಲಿ ಉಡುತ್ತಿದ್ದವು. ಪೇಜಿನ ಮಾತು ಆಮೇಲೆ, ಚಹಾ ಕುಡಿ ಅನ್ನುತ್ತಿದ್ದೆ, ಅಷ್ಟರಲ್ಲಿ ಸಿಂಧನೂರು ಬಸ್ಸಿನಿಂದ ಇಳಿದು ಮಾಮ ಬಂದ. ಕೈಯಲ್ಲಿ ಬಾಳೆಹಣ್ಣಿನ ಚೀಲ.

“ನಂದು ಎರಡನೇ ಅಕೌಂಟ್ ತೆರೀವಲ್ದು ನೋಡವಾ” ಅಂತ ಒಳಗೆ ಬರುತ್ತಲೇ ಅಂದ. “ಏನಾಗೇತೋ ಏನೋ. ಹಾಳಾಗಿದ್ರ ಹೊಸಾದು ಒಂದು ತಗದು ಕೊಡು.”

ನಾನು ಏನಾದರೂ ಅನ್ನುವ ಮೊದಲೇ ಅವನ ಕಣ್ಣು ಬೆಂಚಿನ ಮೇಲೆ ಹೋಯಿತು. ಹತ್ತಿರ ಹೋಗಿ ಬಗ್ಗಿ, ಕಡುಕೆಂಪು ತುಂಡಿನ ಮೇಲೆ ಕೈ ಇಟ್ಟ.

“ಇದು ನಮ್ಮಕ್ಕನ ಇಳಕಲ್ ಸೀರಿ ಅಲ್ಲೇನು?”

“ಹೌದು ಮಾಮಾ.”

ಸೆರಗಿನಂತೆ ಅದರ ಅಂಚು ಹಿಡಿದು ಕಣ್ಣಿಗೆ ಒತ್ತಿಕೊಂಡ. ನಿಜವಾಗಿ ಅತ್ತ. “ಯಾರ ಕೈಲೆ ಹೊಲಿಸಿದಿ? ಅಕ್ಕ ಎದ್ದು ಬಂದು ಕುಂತಂಗ ಆತಲ್ಲವಾ.”

“ಈಕೀ ಹೊಲದಾಳ” ಅಂದೆ.

“ಭಾಳ ಛಂದ ಹೊಲದಿ ತಂಗಿ. ನಿನ್ನ ಕೈ ತಣ್ಣಗಿರಲಿ” ಅಂದ ಅವಳಿಗೆ.

ಅವಳ ಮುಖ ಅರಳಿತು. “ಎಲ್ಲಾರೂ ನಿಮ್ಮಂಗ ಅಂದಿದ್ರ ನಾ ಯಾಕ ಬಂದ್ ಮಾಡತಿದ್ದೆರೀ” ಅಂದಳು. “ಯಾವನೋ ಒಬ್ಬ, ಇಕಿ ಹೆಣದ ಮ್ಯಾಲಿನ ಸೀರಿ ಆರಿಸಿ ತರತಾಳ ಅಂತ ಬರದು ಬರದು ನನ್ನ ಕೆಲಸ ಕೆಡಿಸಿಬಿಟ್ಟಾನ್ರೀ.”

ಮಾಮನ ಕೈ ಸೀರೆಯ ಮೇಲೆ ಹಾಗೇ ನಿಂತಿತು. ನನ್ನ ಕಡೆ ನೋಡಿದ. ನನಗೆ ಗೊತ್ತಿದೆಯೆಂದು ಅವನಿಗೆ ತಿಳಿಯಿತು.

ಆಗಲೂ ಸುಮ್ಮನಿರಬಹುದಿತ್ತು. ಆದರೆ ಪಾಪದ ಹೆಂಗಸು ತನ್ನನ್ನು ಬೈದವನಿಗೇ ತನ್ನ ಕಷ್ಟ ಹೇಳಿಕೊಳ್ಳುತ್ತಿದ್ದಾಳೆ, ಬೈದವನು ಅದೇ ಕೌದಿ ಹಿಡಿದು ಅಳುತ್ತಿದ್ದಾನೆ. ಇದನ್ನು ನೋಡಿಕೊಂಡು ಬಾಯಿ ಮುಚ್ಚಿಕೊಂಡಿದ್ದರೆ ನಾನೂ ಆ ನಗುವ ಮುಖಗಳ ಸಾಲಿನಲ್ಲೇ ಕೂತ ಹಾಗೆ. ಎದ್ದು ಕಪಾಟಿನಿಂದ ಆ ಪ್ರಿಂಟುಗಳ ಫೈಲು ತೆಗೆದು ಅವನ ಕೈಗೆ ಕೊಟ್ಟೆ.

“ಮಾಮಾ, ಇದನ್ನ ಇಲ್ಲಿ ಓದು. ಜೋರಾಗಿ ಓದು.”

“ಕನ್ನಡಕ ತಂದಿಲ್ಲವಾ” ಅಂದ. ಕನ್ನಡಕ ಅಂಗಿಯ ಜೇಬಿನಲ್ಲಿ ಇಣುಕುತ್ತಿತ್ತು. ನಾನೇ ತೆಗೆದು ಕೈಗಿತ್ತೆ. ಹಾಕಿಕೊಂಡ. ಬಾಯಿ ತೆರೆದ. ಹಾಳೆ ತಿರುವಿದ, ಮತ್ತೆ ಮೊದಲ ಹಾಳೆಗೆ ಬಂದ. “ಜರಾ ನೀರು ಕೊಡು” ಅಂದ.

ಕೌದಿಯವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಅವನ ಕೈಯಲ್ಲಿದ್ದ ಹಾಳೆ ನೋಡಿದಳು. ಆಮೇಲೆ ಹಾಳೆಯ ಕಡೆ ನೋಡದೆಯೇ ಶುರುಮಾಡಿದಳು. ಸುಡುಗಾಡಕ್ಕ ಹೋಗಿ ಹೆಣದ ಮ್ಯಾಲಿನ ಸೀರಿ ಆರಿಸಿ ತಂದು ಹೊಲಿತಾಳ. ಅಲ್ಲಿಂದ ಒಂದೂ ಬಿಡದೆ, ನಾನು ಬರೆಯಲೊಲ್ಲೆ ಅಂದೆನಲ್ಲ ಅವನ್ನೂ ಸೇರಿಸಿ, ಅಂಗಡಿಯಲ್ಲಿ ಸಾಮಾನು ಹೇಳುವಷ್ಟು ಸಮಾಧಾನವಾಗಿ ಒಪ್ಪಿಸಿದಳು. “ನನಗ ಬಾಯಿಪಾಠ ಅದಾವ್ರೀ” ಅಂದಳು ಕೊನೆಗೆ.

ಮಾಮ ಬೆಂಚಿನ ತುದಿಗೆ ಕೂತ. “ನೀ ಯಾರಂತ ನನಗ ಗೊತ್ತಿದ್ದಿಲ್ಲ ತಂಗಿ. ಅಲ್ಲಿ ಎಲ್ಲಾರೂ ಬರೀತಾರ, ನಾನೂ ಬರದೆ. ಕೈಲೆ ಹೊಡದೀನೇನು, ನಾಕ ಅಕ್ಷರ.”

“ನನ್ನ ಮಾರಿ ಇತ್ತಲ್ರೀ ಅದರಾಗ” ಅಂದಳು.

ಮಾಮ ನೀರು ಕುಡಿದು ಲೋಟ ಕೆಳಗಿಟ್ಟು, “ನಂದು ಗಲತಿ ಆತು. ಹೊಟ್ಟಿಗೆ ಹಾಕ್ಕೋ” ಅಂದ.

“ಇಲ್ಲಿ ಅಂದ್ರ ನಾವ್ ಇಬ್ಬರ ಕೇಳಿದ್ವಿ” ಅಂದಳು ಅವಳು. “ಎಲ್ಲಿ ಅಂದಿದ್ರಿ, ಅಲ್ಲೇ ಬರೀರಿ. ನಿಮ್ಮ ಹೆಸರೀಲೆ ಬರೀರಿ.”

ಅವನು ನನ್ನ ಮುಖ ನೋಡಿದ, ನಾನು ಅಡ್ಡ ಬರುತ್ತೇನೇನೋ ಎಂದು. ಬರಲಿಲ್ಲ. ತನ್ನ ಫೋಟೊ ಇರುವ ಮೊದಲಿನ ಖಾತೆ ತೆರೆದು, ಒಂದೇ ಬೆರಳಿನಿಂದ ಕುಟ್ಟಿ ಕುಟ್ಟಿ ಬರೆದ: ‘ಹೆಣದ ಸೀರೆ ಎಂದು ಬೇರೆ ಹೆಸರಿನಲ್ಲಿ ಬರೆದವನು ನಾನು. ಅದು ಸುಳ್ಳು. ಇದು ನನ್ನ ಅಕ್ಕ ಉಡುತ್ತಿದ್ದ ಸೀರೆಯ ಕೌದಿ.’ ಕೌದಿಯ ಫೋಟೊ ನಾನು ತೆಗೆದುಕೊಟ್ಟೆ. ಅವಳ ಪೇಜಿನಲ್ಲೂ ಹಾಕಿದ. ನಾಳೆ ಸಿಂಧನೂರಿನಲ್ಲಿ ಯಾರಾರು ಏನೇನು ಅನ್ನುತ್ತಾರೋ ಎಂದು ನನಗೆ ಚಿಂತೆಯಾಯಿತು, ಸುಳ್ಳು ಹೇಳುವುದಿಲ್ಲ. ಮಾಮ ಚಹಾ ಬೇಡ ಅಂದು ಮುಂದಿನ ಬಸ್ಸಿಗೆ ಹೊರಟುಹೋದ. ಬಾಳೆಹಣ್ಣಿನ ಚೀಲ ಬೆಂಚಿನ ಕೆಳಗೇ ಉಳಿಯಿತು.

ಈಗ ಪೇಜು ಮುಚ್ಚುವ ಮಾತು ಬಿಟ್ಟಾಳೆಂದು ನಾನು ಅಂದುಕೊಂಡೆ. ಅವಳು ಕೌದಿಯನ್ನು ಮಡಚಿ ನನ್ನ ಮುಂದಿಟ್ಟು, ನಿಂತೇ ಇದ್ದಳು.

“ಕಂಪನಿಯವರು ತಗದಾರ ಅಂದಿದ್ರಿ.”

“ನಾನೇ ತಗದೆ” ಅಂದೆ. “ಮಾಮ ಅಂತ ಗೊತ್ತಾತು. ಹೇಳಾಕ ಮನಸು ಬರಲಿಲ್ಲ.”

“ಅವರ ಅಕೌಂಟ್ ನೀವು ಹೆಂಗ ತೆರದ್ರಿ?”

ಹೇಳಿದೆ. ಮರೆಯುತ್ತಾರೆಂದು ಎಲ್ಲರಿಗೂ ಒಂದೇ ಇಟ್ಟದ್ದು, ಅಂಗಡಿಯ ಹೆಸರು, ಮೂರು ಅಂಕಿ. ಹೇಳುತ್ತಾ ಹೋದಂತೆ ಅವಳ ಮುಖದಲ್ಲಿ ಏನೋ ಆರಿತು. ಇಷ್ಟು ಹೊತ್ತು ಮಾಮನನ್ನು ನೋಡಿದ ಹಾಗೇ ನನ್ನನ್ನು ನೋಡಿದಳು.

“ಹಂಗಾರ ನಂದೂ ಅದೇ ಐತೇನ್ರೀ?”

“ಹೌದು.”

“ನೀವು ಯಾವಾಗ ಬೇಕಾದ್ರ ಆವಾಗ ನಂದು ತೆರೀಬಹುದು.”

“ತೆರದಿಲ್ಲ” ಅಂದೆ. ನಿಜವಾಗಿಯೂ ತೆರೆದಿರಲಿಲ್ಲ. ಆದರೆ ಒಂದು ಸಲ ಸುಳ್ಳು ಹೇಳಿದ ಬಾಯಿಯಿಂದ ಆ ನಿಜಕ್ಕೆ ಬೆಲೆ ಇರಲಿಲ್ಲ, ಅದು ನನಗೇ ಕೇಳಿಸಿತು.

“ಪೇಜ್ ಇರಲಿ. ಪಾಸ್‌ವರ್ಡ್ ಬದಲ ಮಾಡೂದು ಹೆಂಗ ಅಂತ ತೋರಸ್ರಿ” ಅಂದಳು.

ತೋರಿಸಿದೆ. ಇಲ್ಲಿ ಒತ್ತಬೇಕು, ಆಮೇಲೆ ಇಲ್ಲಿ, ಹಳೆಯದು ಒಂದು ಸಲ, ಹೊಸದು ಎರಡು ಸಲ. ಅವಳು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಎದೆಯ ಹತ್ತಿರ ಹಿಡಿದಳು.

“ಈಗ ಆ ಕಡಿ ತಿರುಗ್ರಿ ಅಕ್ಕಾರ.”

ತಿರುಗಿದೆ. ಅವಳು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದಳು, ಅವಳಿಗೆ ವೇಗವಾಗಿ ಬರುವುದಿಲ್ಲ. ಸಹಾಯ ಮಾಡಲೇ ಎಂಬ ಮಾತು ಬಾಯಿಗೆ ಬಂದಿತ್ತು, ಕೇಳಲಿಲ್ಲ. ಆಯ್ತು ಅನ್ನುವವರೆಗೂ ಗೋಡೆಯ ಕಡೆಗೇ ಮುಖ ಮಾಡಿಕೊಂಡು ನಿಂತಿದ್ದೆ.